ಕೇಳಿ, ಹೇಳ್ತೀನಿ: ಅಲ್ಯೂಮಿನಿಯಂ ದೋಣಿಯ ಬಿರಡೆ

ಹೋದ ಸಲ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಐದು ದೋಣಿಯವರದ್ದು! ಸಿಗಂದೂರಿಗೆ 2025ರ ಜುಲೈಯಲ್ಲಿ ಸೇತುವೆ ಆಯಿತು, ಇನ್ನು ದೋಣಿ ಮಾತು ಮುಗಿಯಿತು ಅಂದುಕೊಂಡಿದ್ದೆ. ಆದರೆ ಶರಾವತಿ ಹಿನ್ನೀರಿನ ಒಳಮೂಲೆಗಳಲ್ಲಿ ಮೀನು ಹಿಡಿಯಲು, ಆಚೆ ದಡದ ತೋಟಕ್ಕೆ ಹೋಗಲು ಸಣ್ಣ ದೋಣಿಯೇ ಬೇಕು. ಸಾಗರದಲ್ಲಿ ಮೂವತ್ತು ವರ್ಷ ಲೇತು, ವೆಲ್ಡಿಂಗು ಮಾಡಿದವನು ನಾನು. ಅಂಥ ದೋಣಿಗಳು ನನ್ನ ಶೆಡ್ಡಿಗೆ ಬರುತ್ತಲೇ ಇದ್ದವು, ಬಹುಪಾಲು ಒಂದೇ ಜಾಗದ ರಿಪೇರಿಗೆ: ದಡಕ್ಕೆಳೆದಾಗ ಒಳಗಿನ ನೀರು ಬಸಿದು ಹೋಗಲು ಹಿಂಬದಿಯ ಬುಡದಲ್ಲಿರುವ ತೂತು, ಅದನ್ನು ಮುಚ್ಚುವ ಬಿರಡೆ.

ಹನ್ನೆರಡು ಅಡಿಯ ಅಲ್ಯೂಮಿನಿಯಂ ದೋಣಿ ಸೆಕೆಂಡ್‌ಹ್ಯಾಂಡ್ ತಂದಿದ್ದೇವೆ. ಹೊರದೇಶದ ಮಾಲು. ಹಿಂಬದಿಯ ಬುಡದಲ್ಲಿ ಥ್ರೆಡ್ ಇರುವ ತೂತು ಇದೆ, ಬಿರಡೆ ಇರಲಿಲ್ಲ. ಪೇಟೆಯಿಂದ ಅರ್ಧ ಇಂಚಿನ ಹಿತ್ತಾಳೆ ಪ್ಲಗ್ ತಂದು ಹಾಕಿದೆವು. ಮೂರು ಸುತ್ತು ಹೋಗಿ ಬಿಗಿಯಾಯಿತು, ಆದರೂ ನೀರು ಜಿನುಗುತ್ತದೆ. ಟೆಫ್ಲಾನ್ ಟೇಪ್ ಇನ್ನೂ ಜಾಸ್ತಿ ಸುತ್ತಬೇಕೇ?
– ತುಮರಿ ಕಡೆಯ ಓದುಗರು

ಬೇಡ. ಟೇಪ್ ಪಕ್ಕಕ್ಕಿಡಿ, ಆ ಪ್ಲಗ್ಗನ್ನೂ ಬಿಚ್ಚಿಡಿ. ಪೈಪ್‌ರೆಂಚ್ ಹಾಕಿ ಇನ್ನೊಂದು ಸುತ್ತು ತಿರುಗಿಸೋಣ ಅಂತ ಮಾತ್ರ ಹೊರಡಬೇಡಿ.

ನಮ್ಮ ನಲ್ಲಿ, ಪೈಪುಗಳಿಗೆ ಇರುವುದು ಬಿಎಸ್‌ಪಿ ಥ್ರೆಡ್. ಅಮೆರಿಕದ ಅಳತೆಯ ದೋಣಿಗಳಲ್ಲಿ ಇರುವುದು ಎನ್‌ಪಿಟಿ. ಅರ್ಧ ಇಂಚಿನ ಸೈಜಿನಲ್ಲಿ ಎರಡಕ್ಕೂ ಇಂಚಿಗೆ 14 ಎಳೆ. ಅದಕ್ಕೇ ಮೊದಲ ಎರಡು ಮೂರು ಸುತ್ತು ಬೆಣ್ಣೆಯ ಹಾಗೆ ಹೋಗುತ್ತದೆ. ಆದರೆ ಬಿಎಸ್‌ಪಿಯ ಎಳೆಯ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಮೂರನೇ ಸುತ್ತಿಗೆ ಹಲ್ಲು ಹಲ್ಲಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ನಡುವೆ ಸಂದು ಹಾಗೇ ಇರುತ್ತದೆ. ಇನ್ನೂ ಒತ್ತಿ ತಿರುಗಿಸಿದರೆ ಸೋಲುವುದು ಹಿತ್ತಾಳೆಯಲ್ಲ, ಮೆತ್ತಗಿನ ಅಲ್ಯೂಮಿನಿಯಂ. ಐವತ್ತು ನೂರು ರೂಪಾಯಿಯ ಪ್ಲಗ್ ಉಳಿಸಲು ಹೋಗಿ ದೋಣಿಯ ಥ್ರೆಡ್ಡೇ ಹೋಗುತ್ತದೆ. ಬಿಚ್ಚಿದ ಮೇಲೆ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳ ನಡುವೆ ಬೆಳ್ಳಿಯ ಹಾಗೆ ಹೊಳೆಯುವ ಸಣ್ಣ ಸುರುಳಿ ಸಿಕ್ಕಿಕೊಂಡಿದ್ದರೆ ಅದು ನಿಮ್ಮ ದೋಣಿಯೇ.

ಇನ್ನೊಂದು ವಿಷಯ ಹಿತ್ತಾಳೆಯದು. ಅದರಲ್ಲಿ ತಾಮ್ರ ಇದೆ. ತಾಮ್ರವೂ ಅಲ್ಯೂಮಿನಿಯಂ ಕೂಡ ಮೈಗೆ ಮೈ ತಾಗಿ ನೀರಲ್ಲಿ ನಿಂತರೆ ಅದೊಂದು ಬ್ಯಾಟರಿ ಸೆಲ್ ಇದ್ದ ಹಾಗೆ. ಟಾರ್ಚಿನ ಸೆಲ್ಲಿನಲ್ಲಿ ಸತುವಿನ ಡಬ್ಬಿ ಕರಗುವ ಹಾಗೆ ಇಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಹೊನ್ನಾವರದ ಉಪ್ಪುನೀರಿನಲ್ಲಿ ಇದು ಭಾರೀ ವೇಗ. ನಮ್ಮ ಸಿಹಿನೀರಿನಲ್ಲಿ ನಿಧಾನ, ಅಷ್ಟೇ ವ್ಯತ್ಯಾಸ.

ಹಾಗಾದರೆ ಏನು ಹಾಕೋದು? ಎನ್‌ಪಿಟಿ ಥ್ರೆಡ್ಡಿನ ನೈಲಾನ್ ಪ್ಲಗ್ ತರಿಸಿ. ನೈಲಾನ್ ಅಲ್ಯೂಮಿನಿಯಂ ತಂಟೆಗೆ ಹೋಗುವುದಿಲ್ಲ. ಜಾಸ್ತಿ ತಿರುಗಿಸಿದರೆ ಅದೇ ಹಾಳಾಗುತ್ತದೆ, ದೋಣಿ ಉಳಿಯುತ್ತದೆ. ಟೆಫ್ಲಾನ್ ಟೇಪ್ ಎರಡು ಮೂರು ಸುತ್ತು ಸಾಕು, ಪ್ಲಗ್ ತಿರುಗುವ ದಿಕ್ಕಿಗೇ ಸುತ್ತಿ. ಎಳೆ ಆಗಲೇ ಸವೆದಿದ್ದರೆ ಇನ್ನೊಂದು ದಾರಿ ಇದೆ. ಥ್ರೆಡ್ಡನ್ನು ಬೋರ್ ಮಾಡಿ ತೆಗೆದು ನುಣ್ಣಗೆ ಮಾಡಿಸಿ, ಹಿಗ್ಗುವ ರಬ್ಬರ್ ಬಿರಡೆ ಹಾಕಿ. ನನಗೆ ಕೇಳಿದರೆ ಅದೇ ಒಳ್ಳೆಯದು.

ರಬ್ಬರ್ ಬಿರಡೆಯಲ್ಲಿ ಎರಡು ಥರ ಇದೆಯಂತೆ, ಒಂದು ಲಿವರ್ ಮಡಚುವುದು, ಇನ್ನೊಂದು ತಿರುಗಿಸುವುದು. ಯಾವುದು ಗಟ್ಟಿ? ಒಳಗಿನಿಂದ ಹಾಕಬೇಕೋ ಹೊರಗಿನಿಂದಲೋ?
– ಗಾಜನೂರು ಬಳಿಯ ಓದುಗರು

ಎರಡರ ಹೊಟ್ಟೆಯೂ ಒಂದೇ. ಎರಡು ಬಿಲ್ಲೆಗಳ ನಡುವೆ ಒಂದು ರಬ್ಬರ್ ಉರುಳೆ. ಬಿಲ್ಲೆಗಳು ಹತ್ತಿರ ಬಂದರೆ ರಬ್ಬರಿನ ಹೊಟ್ಟೆ ಉಬ್ಬಿ ತೂತಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಲಿವರಿನದು ಬೇಗ, ಒಂದೇ ಕೈಯಲ್ಲಿ ಟಕ್ ಅಂತ ಕೂರುತ್ತದೆ. ಆದರೆ ಬಿಗಿ ಮೊದಲೇ ಹೊಂದಿಸಿಡಬೇಕು. ಲಿವರನ್ನು ಎತ್ತಿ, ಅದನ್ನೇ ಬಲಕ್ಕೆ ತಿರುಗಿಸಿ, ಮತ್ತೆ ಮಡಚಿ ನೋಡಿ. ಮಡಚುವಾಗ ಹೆಬ್ಬೆರಳಿಗೆ ಚೆನ್ನಾಗಿ ಒತ್ತು ಬೇಕು. ಸಲೀಸಾಗಿ ಬಿದ್ದರೆ ಸಡಿಲ ಅಂತ ಅರ್ಥ. ಮೋಟರ್ ಇರುವ ದೋಣಿಯಾದರೆ ತಿರುಗಿಸುವ ಥರದ್ದೇ ತೆಗೆದುಕೊಳ್ಳಿ. ಮೋಟರಿನ ನಡುಕಕ್ಕೆ ಲಿವರ್ ತಾನಾಗಿ ಎದ್ದದ್ದನ್ನು ನೋಡಿದ್ದೇನೆ.

ಒಳಗಿನಿಂದಲೇ ಹಾಕಿ. ಹೊರಗಿನಿಂದ ಹಾಕಿದರೆ ನೀರೇ ಒತ್ತಿ ಹಿಡಿಯುತ್ತದೆ ಅಂತ ವಾದ ಮಾಡುವವರಿದ್ದಾರೆ, ಅದೇನೋ ನಿಜ. ಆದರೆ ನಮ್ಮ ಹಿನ್ನೀರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನಿಂತಿವೆ. ಬೇಸಿಗೆಯಲ್ಲಿ ನೀರಿಳಿದಾಗ ತಲೆ ಎತ್ತುತ್ತವೆ, ಮಳೆಗಾಲದಲ್ಲಿ ಕಾಣದ ಹಾಗೆ ಕೆಳಗೆ ಕಾಯುತ್ತವೆ. ಹೊರಗೆ ಚಾಚಿದ ಲಿವರಿಗೆ ಒಂದು ಕೊರಡು ತಾಗಿದರೆ ಮುಗಿಯಿತು. ಒಳಗಿದ್ದರೆ ಕಣ್ಣಿಗೂ ಕಾಣುತ್ತದೆ, ಕೈಗೂ ಸಿಗುತ್ತದೆ.

ಅಳತೆ ಸುಮ್ನೆ ಅಂದಾಜಿಗೆ ಬೇಡ. ಸಾಮಾನ್ಯವಾಗಿ ಈ ತೂತು ಒಂದು ಇಂಚಿನದು, ಆದರೆ ಹಳೆ ದೋಣಿಯಲ್ಲಿ ಸವೆದು ಅಂಡಾಕಾರ ಆಗಿರುತ್ತದೆ. ವರ್ನಿಯರ್ ಇಲ್ಲದಿದ್ದರೆ ಹಾಲುವಾಣದ ಕೊಂಬೆಯೊಂದನ್ನು ಕ್ಯಾರೆಟ್ಟಿನ ಹಾಗೆ ಚೂಪಾಗಿ ಕೆತ್ತಿ, ತೂತಿಗೆ ಒತ್ತಿ ತಿರುಗಿಸಿ. ಗುರುತು ಬಿದ್ದ ಜಾಗ ಅಳೆಯಿರಿ. ಆ ತುಂಡನ್ನು ಎಸೆಯಬೇಡಿ, ಒಣಗಿಸಿ ದೋಣಿಯಲ್ಲೇ ಇಟ್ಟಿರಿ. ಒಣ ಮರ ನೀರು ಕುಡಿದು ಉಬ್ಬುತ್ತದೆ. ಬಿರಡೆ ಕಳೆದ ದಿನ ಅದೇ ಬಿರಡೆ.

ದೋಣಿಯಲ್ಲಿ ತೋಟಕ್ಕೆ ಸಾಮಾನು ಸಾಗಿಸುತ್ತೇವೆ. ಎರಡು ವರ್ಷದಿಂದ ಬಿರಡೆಯ ಸುತ್ತ ಬಿಳಿ ಪುಡಿ ಏಳುತ್ತಿದೆ. ಕೆರೆದರೆ ಸಣ್ಣ ಸಣ್ಣ ಗುಳಿ. ಬಿರಡೆ ರಬ್ಬರಿನದೇ, ಹಿತ್ತಾಳೆ ಹಾಕಿಲ್ಲ. ಯಾಕೆ ಹೀಗೆ?
– ಹೊಸನಗರದ ಅಡಿಕೆ ಬೆಳೆಗಾರರು

ಸಾಮಾನು ಅಂದರೆ ಏನು ಅಂತ ನೀವು ಬರೆದಿಲ್ಲ. ಆದರೂ ಕೇಳುತ್ತೇನೆ, ಅಡಿಕೆಯ ಕೊಳೆರೋಗದ ಔಷಧಿಗೆ ಹಾಕುವ ಮೈಲುತುತ್ತ (ತಾಮ್ರದ ಸಲ್ಫೇಟ್) ಇದೇ ದೋಣಿಯಲ್ಲಿ ಹೋಗುತ್ತದೆ, ಅಲ್ವಾ?

ಆ ಔಷಧಿಗೆ, ಅಂದರೆ ಬೋರ್ಡೊ ದ್ರಾವಣಕ್ಕೆ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಬೇಕು, ಕಬ್ಬಿಣ ಅಲ್ಯೂಮಿನಿಯಂ ಪಾತ್ರೆ ಕೂಡದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ದೋಣಿಯೂ ಒಂದು ಅಲ್ಯೂಮಿನಿಯಂ ಪಾತ್ರೆಯೇ. ಮೈಲುತುತ್ತದ ಚೀಲದಿಂದ ನಾಲ್ಕು ಹರಳು ಉದುರುತ್ತವೆ. ಮೇಲಿಂದ ಮಳೆ. ಕರಗಿದ ನೀಲಿ ನೀರು ಹರಿದು ಹೋಗಿ ನಿಲ್ಲುವುದು ದೋಣಿಯ ಅತಿ ತಗ್ಗಿನ ಜಾಗದಲ್ಲಿ, ಅಂದರೆ ಬಿರಡೆಯ ಬುಡದಲ್ಲಿ. ಅಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ಆ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಹಿತ್ತಾಳೆ ಪ್ಲಗ್ ಹಾಕದೆಯೇ ನೀವು ನೂರಾರು ಸಣ್ಣ ತಾಮ್ರದ ಮೊಳೆ ಹೊಡೆದ ಹಾಗಾಯಿತು. ಸುಣ್ಣದ ನೀರೂ ಅಲ್ಯೂಮಿನಿಯಂಗೆ ಒಳ್ಳೆಯದಲ್ಲ, ಅದು ಬೇರೆ ಥರ ತಿನ್ನುತ್ತದೆ.

ನಂಬಿಕೆ ಬರದಿದ್ದರೆ ಒಂದು ಹಳೆ ಅಲ್ಯೂಮಿನಿಯಂ ಲೋಟಕ್ಕೆ ಮೈಲುತುತ್ತದ ನೀರು ಹೊಯ್ದು ಚಿಟಿಕೆ ಉಪ್ಪು ಹಾಕಿ ಅಂಗಳದಲ್ಲಿ ಇಡಿ. ಕೆಂಪು ಕೆಸರು ಹೇಗೆ ಏಳುತ್ತದೆ ನೋಡಿ. ಲೋಟ ಮತ್ತೆ ಮನೆಯೊಳಗೆ ಬರಬಾರದು.

ಈಗ ಮಾಡಬೇಕಾದ್ದು ಇಷ್ಟು. ಬಿರಡೆ ತೆಗೆದು ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ. ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ಷಿನಿಂದ ಉಜ್ಜಿ. ಮಾಮೂಲಿ ಕಬ್ಬಿಣದ ತಂತಿ ಬ್ರಷ್ ಬೇಡ, ಅದರ ಚೂರು ಅಲ್ಲೇ ಕೂತು ಇನ್ನೊಂದು ಕಾಟ. ಆಮೇಲೆ ಮೊಳೆಯ ತುದಿಯಿಂದ ಪ್ರತಿ ಗುಳಿಯನ್ನೂ ಮೆಲ್ಲಗೆ ಚುಚ್ಚಿ. ಗಟ್ಟಿಯಿದ್ದರೆ ಒಣಗಿಸಿ ಎಪಾಕ್ಸಿ ತುಂಬಿದರೆ ಸಾಕು. ಮೊಳೆ ಒಳಗಿಳಿದರೆ ಎಪಾಕ್ಸಿ ಸಾಲದು, ಆರ್ಗಾನ್ ವೆಲ್ಡಿಂಗ್ ಬಲ್ಲವರಲ್ಲಿ ತೇಪೆ ಹಾಕಿಸಿ. ಒಂದು ಮಾತು: ಸಂದಿಗೆ ಸಿಲಿಕೋನ್ ಮೆತ್ತುವ ಮುಂಚೆ ಮೂಸಿ ನೋಡಿ. ವಿನಿಗರ್ ಥರ ಹುಳಿ ವಾಸನೆ ಬಂದರೆ ಅದು ಕಿಟಕಿ ಗಾಜಿಗೆ ಸರಿ, ಅಲ್ಯೂಮಿನಿಯಂಗೆ ಬೇಡ. ಇನ್ನು ಮುಂದೆ ಮೈಲುತುತ್ತ, ಸುಣ್ಣ, ಗೊಬ್ಬರ ಎಲ್ಲ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲೇ ಹೋಗಲಿ.

ನಡುನೀರಲ್ಲಿ ಬಿರಡೆ ಕಳಚಿದರೆ ಎಷ್ಟು ಹೊತ್ತು ಸಿಗುತ್ತದೆ?
– ತೀರ್ಥಹಳ್ಳಿಯ ಓದುಗರು

ಒಂದು ಇಂಚಿನ ತೂತು ನೀರಿನ ಮಟ್ಟಕ್ಕಿಂತ ಅರ್ಧ ಅಡಿ ಕೆಳಗಿದ್ದರೆ ನಿಮಿಷಕ್ಕೆ ಸುಮಾರು ಮೂವತ್ತು ಲೀಟರ್ ಒಳಬರುತ್ತದೆ. ಎರಡು ಕೊಡ ಅನ್ನಿ. ಹತ್ತು ನಿಮಿಷಕ್ಕೆ ನಾಲ್ಕು ಜನ ಹೆಚ್ಚಿಗೆ ಹತ್ತಿ ಕೂತ ಹಾಗೆ. ದೋಣಿ ತಗ್ಗಿದಷ್ಟೂ ನೀರು ಜೋರಾಗುತ್ತದೆ.

ಇದನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿದ್ದು ಆಮೇಲೆ. ಮೊದಲು ಕಾಲಿಗೆ ಗೊತ್ತಾಯಿತು. ಹೊಳೆಬಾಗಿಲಿನ ಹತ್ತಿರ ಒಬ್ಬರ ದೋಣಿಯ ತಳ ವೆಲ್ಡ್ ಮಾಡಿ, ಖುಷಿಯಲ್ಲಿ ನಾನೇ ಹುಟ್ಟು ಹಾಕಿಕೊಂಡು ಹೊರಟೆ. ನನ್ನ ವೆಲ್ಡಿಂಗ್ ಎಲ್ಲಾದರೂ ಸೋರುತ್ತದೆಯೇ ಅಂತ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಅದು ಸೋರಲಿಲ್ಲ. ನೂರು ಮಾರು ಹೋಗುವಷ್ಟರಲ್ಲಿ ಹಿಮ್ಮಡಿ ತಣ್ಣಗಾಯಿತು. ನನ್ನ ಊಟದ ಡಬ್ಬಿ ತೇಲಿಕೊಂಡು ಮುಂದೆ ಬಂತು. ಬಿರಡೆ ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಅಂಗಿ ದಡದ ಮತ್ತಿ ಮರದ ಮೇಲಿತ್ತು! ಹೆಗಲ ಮೇಲಿನ ಟವೆಲ್ಲನ್ನು ಹೊಸೆದು ತೂತಿಗೆ ತುರುಕಿ, ಹಿಮ್ಮಡಿಯಲ್ಲಿ ಒತ್ತಿ ಹಿಡಿದುಕೊಂಡೇ ದಡ ಸೇರಿದೆ. ದೋಣಿಯ ಯಜಮಾನರು ಏನೂ ಅನ್ನಲಿಲ್ಲ. ಮಜೂರಿಯಲ್ಲಿ ಮಾತ್ರ ಐವತ್ತು ಕಡಿಮೆ ಕೊಟ್ಟರು.

ಅವತ್ತಿನಿಂದ ಬಿರಡೆ ತೆಗೆದ ಕೂಡಲೇ ಹುಟ್ಟಿನ ಹಿಡಿಕೆಗೆ ಕಟ್ಟುತ್ತೇನೆ. ಹುಟ್ಟು ಹಿಡಿಯದೆ ಯಾರೂ ಹೊರಡುವುದಿಲ್ಲವಲ್ಲ.

ಮಳೆಗಾಲದಲ್ಲಿ ಬಿರಡೆ ಹಾಕಿಡಬೇಕೋ ತೆಗೆದಿಡಬೇಕೋ?
– ಇಬ್ಬರು ಕೇಳಿದ್ದಾರೆ

ದಡದ ಮೇಲಿದ್ದರೆ ತೆಗೆದಿಡಿ. ನಿಮ್ಮ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ದೋಣಿಗೆ ನೂರು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ನಾಲ್ಕುನೂರೈವತ್ತು ಲೀಟರ್ ತುಂಬುತ್ತದೆ. ಅಂದರೆ ನಾಲ್ಕೂವರೆ ಕ್ವಿಂಟಲ್. ನಮ್ಮಲ್ಲಿ ಆಟಿಯ ಮಳೆಗೆ ಅದು ಒಂದು ದಿನದ ಮಾತು. ಮೂತಿ ಎತ್ತರಕ್ಕೆ, ಹಿಂಬದಿ ತಗ್ಗಿಗೆ ಬರುವ ಹಾಗೆ ಇಡಿ. ಹಲಸಿನ ಎಲೆಯೊಂದು ತೂತಿಗೆ ಅಂಟಿದರೆ ಬಿರಡೆ ಹಾಕಿದ ಹಾಗೇ, ವಾರಕ್ಕೊಮ್ಮೆ ನೋಡಿ. ಕವುಚಿ ಹಾಕಿದರೆ ಈ ತಾಪತ್ರಯ ಇಲ್ಲ. ನೀರಲ್ಲೇ ಕಟ್ಟಿದ್ದರೆ ಬಿರಡೆ ಇರಲೇಬೇಕು, ಮೇಲೆ ಟಾರ್ಪಾಲೂ ಬೇಕು.

ತೆಗೆದ ಬಿರಡೆಯ ಲಿವರ್ ಸಡಿಲ ಬಿಟ್ಟು ನೆರಳಲ್ಲಿಡಿ. ಬಿಗಿದೇ ಇಟ್ಟರೆ ರಬ್ಬರ್ ಅದೇ ಆಕಾರಕ್ಕೆ ಕೂತುಬಿಡುತ್ತದೆ. ಮತ್ತೆ ಹಾಕುವ ಮುಂಚೆ ಉಗುರಿನಿಂದ ಒತ್ತಿ, ಸ್ವಲ್ಪ ಬಗ್ಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ ಹೊಸದು ತನ್ನಿ.

ಬಿರಡೆ ಜಾರಲಿ ಅಂತ ಗ್ರೀಸ್ ಹಚ್ಚಬಹುದೇ?
– ಸೊರಬದ ಓದುಗರು

ಗ್ರೀಸು, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ನೀರಲ್ಲಿ ಅದ್ದಿ ಹಾಕಿದರೆ ಸಾಕು. ತೀರಾ ಬೇಕಾದರೆ ಸಿಲಿಕೋನ್ ಗ್ರೀಸ್.

ನಮ್ಮ ಹರಿಗೋಲಿಗೆ ಇಂಥ ತೂತೇ ಇಲ್ಲವಲ್ಲ, ದೋಣಿಗೆ ಯಾಕೆ ಕೊಟ್ಟಿದ್ದಾರೆ?
– ಮಂಡಗದ್ದೆ ಹತ್ತಿರದ ಹೈಸ್ಕೂಲ್ ಹುಡುಗ

ಹರಿಗೋಲನ್ನು ನಿಮ್ಮಜ್ಜ ಬೆನ್ನ ಮೇಲೆ ಹೊತ್ತು ತಂದು ಅಂಗಳದಲ್ಲಿ ಕವುಚಿ ಹಾಕುತ್ತಾರೆ, ಒಳಗಿನ ನೀರು ಅಲ್ಲಿಗೆ ಖಾಲಿ. ಈ ದೋಣಿಯನ್ನು ಹಾಗೆ ಕವುಚಲು ನಾಲ್ಕು ಜನ ಬೇಕು, ತೋಟದ ಕೆಲಸದ ದಿನ ನಾಲ್ಕು ಜನರನ್ನು ಎಲ್ಲಿಂದ ತರ್ತೀಯ?