ಓಲ್ಮೋಸ್ ವ್ಯಾಕರಣದಲ್ಲಿ ದೀರ್ಘ ಸ್ವರ ಯಾಕೆ ಕಾಣುತ್ತಿಲ್ಲ?

ಮೆಕ್ಸಿಕೋದ ಮೂಲನಿವಾಸಿಗಳ ಭಾಷೆಯಾದ ನಹುವಾಟ್ಲ್‌ನ ಸ್ವರ ಹ್ರಸ್ವವೋ ದೀರ್ಘವೋ ಗೊತ್ತಾಗದಿರುವುದು ನಿಮ್ಮ ಓದಿನ ತಪ್ಪಲ್ಲ. ಸ್ಪ್ಯಾನಿಷ್ ಪಾದ್ರಿ ಓಲ್ಮೋಸ್ 1547ರಲ್ಲಿ ಮುಗಿಸಿದ ನಹುವಾಟ್ಲ್ ವ್ಯಾಕರಣ ಸ್ಪ್ಯಾನಿಷ್ ಬರವಣಿಗೆಯನ್ನು ನಂಬಿದೆ. ಅದರಲ್ಲಿ ಈ ವ್ಯತ್ಯಾಸ ತೋರಿಸುವ ದಾರಿಯೇ ಇರಲಿಲ್ಲ. ನಿಮ್ಮ ಪ್ರತಿ ಬಹುಶಃ 1875ರ ಪ್ಯಾರಿಸ್ ಮುದ್ರಣ. ಬೇರೆಯಾದರೂ ಸಮಸ್ಯೆ ಇದೇ. ಮೊಲಿನಾ ಬರೆದ ನಹುವಾಟ್ಲ್ ನಿಘಂಟು (1571) ಕೂಡ ಇಲ್ಲಿ ನೆರವಾಗುವುದಿಲ್ಲ.

ಮೊದಲು ರಿಂಕೋನ್ ಬರೆದ ನಹುವಾಟ್ಲ್ ವ್ಯಾಕರಣ (1595) ಪುಸ್ತಕದ ಉಚ್ಚಾರಣೆಯ ಭಾಗ ಓದಿ. ಆಮೇಲೆ ಕರೋಚಿ ಬರೆದ ವ್ಯಾಕರಣ (1645) ತೆಗೆಯಿರಿ, ನಿಜವಾದ ನಿಧಿ ಅದೇ. ದೀರ್ಘಕ್ಕೆ ಸ್ವರದ ಮೇಲೆ ಅಡ್ಡಗೆರೆ ಇರುತ್ತದೆ. ಸಾಲ್ಟಿಯೋ, ಅಂದರೆ ಗಂಟಲಲ್ಲಿ ಉಸಿರು ತಡೆಯುವ ಧ್ವನಿ, ಪದದ ನಡುವೆ ಬಂದರೆ ಎಡಕ್ಕೆ ವಾಲಿದ ಗೆರೆ. ಕೊನೆಯಲ್ಲಿ ಬಂದರೆ ಟೋಪಿಯಂಥ ಗುರುತು. ಗುರುತಿಲ್ಲದ್ದೆಲ್ಲ ಹ್ರಸ್ವ ಅಂತ ಸುಮ್ನೆ ಅಂದುಕೊಳ್ಳಬೇಡಿ, ಕರೋಚಿ ಎಲ್ಲ ಕಡೆ ಗುರುತು ಹಾಕಿಲ್ಲ. ಅದೇ ಪದ ಬೇರೆ ಉದಾಹರಣೆಯಲ್ಲಿ ಇದೆಯಾ ಹುಡುಕಿ, ಹೋಲಿಸಿ, ಆಮೇಲೆ ನಿಮ್ಮ ಓಲ್ಮೋಸ್ ಪ್ರತಿಯ ಅಂಚಿನಲ್ಲಿ ಬರೆದುಕೊಳ್ಳಿ.