ಮನೆಯಲ್ಲಿ ಹೇಳದಿದ್ದರೆ ಅದು ಮೋಸವೇ?

ಪ್ರಶ್ನೆ: ನನಗೆ 20 ವರ್ಷ, ಪದವಿ ಎರಡನೇ ವರ್ಷ ಓದುತ್ತಿದ್ದೇನೆ. ನನ್ನ ಮನಸ್ಸು ಒಲಿಯುವುದು ಹುಡುಗಿಯರಿಗೇ ಎಂಬುದು ಹೈಸ್ಕೂಲಿನಲ್ಲೇ ಗೊತ್ತಾಗಿತ್ತು. ಈಚೆಗೆ ಹಾಸ್ಟೆಲಿನ ರೂಮ್‌ಮೇಟ್‌ಗೆ ಹೇಳಿಕೊಂಡೆ. ಅವಳು ದೂರ ಮಾಡಲಿಲ್ಲ. ಆದರೆ ‘ಅಪ್ಪ ಅಮ್ಮನಿಗೆ ಇನ್ನೆಷ್ಟು ದಿನ ಮೋಸ ಮಾಡ್ತೀಯಾ?’ ಎನ್ನುತ್ತಾಳೆ. ಈ ರಜೆಯಲ್ಲಿ ಹೇಳಿಬಿಡಲೇ?

ಉತ್ತರ: ನೀವು ಯಾರಿಗೂ ಮೋಸ ಮಾಡುತ್ತಿಲ್ಲ. ನಿಮ್ಮ ಒಲವಿನ ವಿಷಯವನ್ನು ಯಾರಿಗೆ, ಯಾವಾಗ ಹೇಳಬೇಕೆಂದು ತೀರ್ಮಾನಿಸುವವರು ನೀವೊಬ್ಬರೇ. ಗೆಳತಿಗೆ ಇದನ್ನು ನೇರವಾಗಿಯೇ ಹೇಳಿ. ‘ನನ್ನನ್ನು ಕೇಳದೆ ಇನ್ನೊಬ್ಬರ ಕಿವಿಗೆ ಹಾಕಬೇಡ’ ಎಂದೂ ಸೇರಿಸಿ. ಒಳ್ಳೆಯ ಮನಸ್ಸಿನವರೇ ಎಷ್ಟೋ ಸಲ ಉಪಕಾರ ಮಾಡಲು ಹೋಗಿ ಬಾಯಿ ಬಿಡುತ್ತಾರೆ.

ಫೀಸು, ಹಾಸ್ಟೆಲ್ ಖರ್ಚು ಮನೆಯಿಂದ ಬರುತ್ತಿದ್ದು, ಸಿಟ್ಟಿನಲ್ಲಿ ಓದು ಬಿಡಿಸಿಯಾರು, ಹೊರಗೆ ಹೋಗಲು ಬಿಡದಿದ್ದಾರು ಎಂಬ ಅಳುಕು ನಿಮಗಿದ್ದರೆ ಈ ರಜೆಯಲ್ಲಿ ಖಂಡಿತ ಬೇಡ. ಇದು ಹೇಡಿತನವಲ್ಲ. ಅಂಥ ಅಳುಕಿಲ್ಲದಿದ್ದರೂ ರಜೆಯ ಮೊದಲ ದಿನವೇ ಹೇಳಿ ಇಡೀ ರಜೆ ಆ ಬಿಸಿಯಲ್ಲೇ ಕಳೆಯಬೇಡಿ. ಇಬ್ಬರಲ್ಲಿ ಯಾರು ಕೇಳಿಸಿಕೊಳ್ಳುತ್ತಾರೋ ಅವರೊಬ್ಬರಿಗೆ ಮೊದಲು ಹೇಳಿ. ‘ಈಗಲೇ ಏನೂ ಹೇಳಬೇಡಮ್ಮ, ಕೇಳಿಸಿಕೋ ಸಾಕು’ ಎನ್ನಿ. ನೀವೇ ಇದನ್ನು ಒಪ್ಪಿಕೊಳ್ಳಲು ವರ್ಷಗಳನ್ನು ತೆಗೆದುಕೊಂಡಿರಿ. ಅವರ ಮೊದಲ ಮಾತೇ ಕೊನೆಯ ಮಾತೆಂದು ತಿಳಿಯಬೇಡಿ. ‘ಡಾಕ್ಟರಿಗೆ ತೋರಿಸೋಣ, ಸರಿಹೋಗುತ್ತೆ’ ಎಂದರೆ, ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು 1990ರಲ್ಲೇ ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ ಎಂದು ತಿಳಿಸಿ.

ಅಪ್ಪ ಅಮ್ಮನಿಗೂ ಮಾತಾಡಿಕೊಳ್ಳಲು ಒಬ್ಬರು ಬೇಕು ಎಂಬುದನ್ನು ನಾವು ಮರೆಯುತ್ತೇವೆ. ನ್ಯೂಯಾರ್ಕಿನ ಶಾಲಾ ಶಿಕ್ಷಕಿ ಜೀನ್ ಮ್ಯಾನ್‌ಫರ್ಡ್ 1972ರಲ್ಲಿ ತಮ್ಮ ಸಲಿಂಗಿ ಮಗನ ಜೊತೆ ಸಲಿಂಗಿಗಳ ಹಕ್ಕಿನ ಮೆರವಣಿಗೆಯಲ್ಲಿ ನಡೆದರು. ಮರುವರ್ಷ ಇಂಥ ಮಕ್ಕಳ ತಂದೆ ತಾಯಂದಿರನ್ನೇ ಕೂಡಿಸಿ ಒಂದು ಬಳಗ ಕಟ್ಟಿದರು. ನಿಮ್ಮ ಅಮ್ಮ ಮನಸ್ಸು ಬಿಚ್ಚಿ ಮಾತಾಡಬಲ್ಲ ಚಿಕ್ಕಮ್ಮನೋ ಅತ್ತೆಯೋ ಇದ್ದಾರೆಯೇ, ಈಗಲೇ ಯೋಚಿಸಿಡಿ.

ಅಲ್ಲಿಯವರೆಗೆ ಕಾಲೇಜಿನಲ್ಲೇ ಆಸರೆ ಹುಡುಕಿ. ಸಲಿಂಗಿ ವಿದ್ಯಾರ್ಥಿಗಳ ಗುಂಪಿದ್ದರೆ ಒಮ್ಮೆ ಹೋಗಿ ಸುಮ್ಮನೆ ಕೂತು ಬನ್ನಿ, ಮೊದಲ ದಿನವೇ ಏನೂ ಹೇಳಬೇಕಿಲ್ಲ. ಆಪ್ತ ಸಮಾಲೋಚಕರಿದ್ದರೆ, ವಿಷಯ ತೆಗೆಯುವ ಮುಂಚೆ ‘ನಾನು ಹೇಳಿದ್ದು ಮನೆಗೋ ಪ್ರಿನ್ಸಿಪಾಲರಿಗೋ ಹೋಗುತ್ತದೆಯೇ?’ ಎಂದು ಕೇಳಿ. ‘ಜೀವಕ್ಕೆ ಅಪಾಯವಿದ್ದರೆ ಮಾತ್ರ, ಇಲ್ಲದಿದ್ದರೆ ಇಲ್ಲ’ ಎಂದರೆ ಧೈರ್ಯವಾಗಿ ಮಾತಾಡಿ. ‘ನೋಡೋಣ, ಮೊದಲು ಹೇಳಿ’ ಎಂದರೆ ಪರೀಕ್ಷೆಯ ಒತ್ತಡದ ಬಗ್ಗೆ ನಾಲ್ಕು ಮಾತಾಡಿ ಎದ್ದು ಬನ್ನಿ, ಬೇರೆಯವರನ್ನು ಹುಡುಕಿ.