ಬೆಳ್ಳಗಿರುವುದೋ, ಬೂದು ಬಣ್ಣದ್ದೋ?

ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ದಾವಣಗೆರೆಯಿಂದ ಅಮೆರಿಕದ ಎಡಿಸನ್‌ಗೆ ಬಂದು ಮೂರು ತಿಂಗಳಾಯಿತು, ಶನಿವಾರ ಬಂತೆಂದರೆ ಮಾತಾಡಲು ಒಬ್ಬರೂ ಇಲ್ಲ, ಅಜ್ಜನ ಡಬ್ಬಿಯಲ್ಲಿದ್ದ ವಿಕ್ಟೋರಿಯಾ ರೂಪಾಯಿಗಳ ನೆನಪಿಗೆ ಇಲ್ಲಿಯ ಹಳೆಯ ಬೆಳ್ಳಿ ನಾಣ್ಯ ಒಂದನ್ನಾದರೂ ಕೊಳ್ಳಬೇಕು ಅಂತ ಬರೆದಿದ್ದೀಯ. 1827ರ ಅರ್ಧ ಡಾಲರ್ ಎರಡು ಸಿಕ್ಕಿವೆ, ಎರಡಕ್ಕೂ ಗ್ರೇಡ್ (ನಾಣ್ಯದ ಸ್ಥಿತಿಗೆ 70ರವರೆಗೆ ಕೊಡುವ ಅಂಕ) 55, ಒಂದು ಬೆಳ್ಳಗೆ ಥಳಥಳ ಅನ್ನುತ್ತದೆ, ಇನ್ನೊಂದು ಬೂದು. ಬೆಳ್ಳಗಿರುವುದನ್ನೇ ತಗೊಳ್ಳಲಾ ಅಕ್ಕಾ ಅಂತ ಕೇಳಿದ್ದೀಯ.

ಈಗಲೇ ತಗೋಬೇಡ. ಬೆಳ್ಳಗಿರುವುದನ್ನಂತೂ ಫೋಟೋ ನೋಡಿ ತಗೋಲೇಬೇಡ.

ನಮ್ಮ ಮನೆಗಳಲ್ಲಿ ಬೆಳ್ಳಿ ಅಂದರೆ ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಿ ಬೆಳಗುವ ವಸ್ತು. ದೀಪ ಬೆಳ್ಳಗಿದ್ದರೇ ಲಕ್ಷಣ. ಆ ಕಣ್ಣಿನಿಂದಲೇ ಇಲ್ಲಿನ ನಾಣ್ಯ ನೋಡಿದರೆ ದುಡ್ಡು ಹೋಗುತ್ತದೆ. ಬಂದ ಎರಡನೇ ವರ್ಷ ನಾನು ಹಾಗೇ ಒಂದನ್ನು ತರಿಸಿದೆ. ಕೈಗೆ ಬಂದಾಗ ಅಲ್ಯುಮಿನಿಯಂ ಬಿಲ್ಲೆಯ ಹಾಗಿತ್ತು, ಬೆಳ್ಳಗಿತ್ತೇ ಹೊರತು ಜೀವ ಇರಲಿಲ್ಲ. ಆಸಿಡ್ ದ್ರಾವಣದಲ್ಲಿ ಅದ್ದಿ ತೆಗೆದಿದ್ದರು. ಸಂಗ್ರಾಹಕರು ಇದಕ್ಕೆ 'ಡಿಪ್' ಅನ್ನುತ್ತಾರೆ. ಮಾರಿದವರು ಅದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಆ ಬೇಜಾರು ಬಹಳ ದಿನ ಹೋಗಲಿಲ್ಲ.

ಬಿಳುಪೇ ಬೇರೆ, ಹೊಳಪೇ ಬೇರೆ. ಅಚ್ಚು ಬಂದು ಒತ್ತಿದಾಗ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಒತ್ತಿ ಒತ್ತಿ ಅಚ್ಚಿನ ಮೈಮೇಲೆ ಕೂದಲಿಗಿಂತ ಸಣ್ಣ ಗೆರೆಗಳು ಬೀಳುತ್ತವೆ, ಅವೇ ನಾಣ್ಯಕ್ಕೂ ಇಳಿಯುತ್ತವೆ. ಆ ಗೆರೆಗಳಿಂದ ಚಿಮ್ಮುವ ಬೆಳಕೇ ಹೊಳಪು. ಆಸಿಡ್ ತಿನ್ನುವುದು ಇವನ್ನೇ. ಒಮ್ಮೆ ಹೋದರೆ ಯಾರೂ ವಾಪಸ್ ತರಲಾರರು.

ಕೋಣೆಯ ದೀಪಗಳನ್ನೆಲ್ಲ ಆರಿಸಿ ಒಂದೇ ಬಲ್ಬಿನ ಮೇಜುದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡು. ಹೊಳಪು ಉಳಿದಿದ್ದರೆ ಚಕ್ರದ ಕಡ್ಡಿಯ ಹಾಗೆ ಬೆಳಕಿನ ಎರಡು ಪಟ್ಟೆ ಸುತ್ತ ತಿರುಗುತ್ತವೆ. ಎರಡು ಬಣ್ಣದ ನೂಲಿನ ರೇಷ್ಮೆ ಸೀರೆಯ ಸೆರಗನ್ನು ಕಿಟಕಿಯ ಹತ್ತಿರ ಹೊರಳಿಸುತ್ತಾರಲ್ಲ, ಹಾಗೆ ಬೆಳಕು ಓಡಾಡಬೇಕು. 55 ಅಂದರೆ ಸ್ವಲ್ಪ ಕಾಲ ಚಲಾವಣೆಯಲ್ಲಿದ್ದ ನಾಣ್ಯ. ಅದರಲ್ಲಿ ಪೂರ್ತಿ ಚಕ್ರ ಸಿಗದಿದ್ದರೂ ನಕ್ಷತ್ರಗಳ ಸುತ್ತ, ಅಕ್ಷರಗಳ ಸಂದಿಯಲ್ಲಿ, ಹಿಂಬದಿಯ ಹದ್ದಿನ ರೆಕ್ಕೆಯ ಕೆಳಗೆ ಹೊಳಪು ಅಡಗಿರುತ್ತದೆ. ಮುಂಬದಿಯಲ್ಲಿರುವ ಲಿಬರ್ಟಿ ಎಂಬ ಹೆಣ್ಣಿನ ಕೆನ್ನೆ, ಟೋಪಿಯ ಮೇಲ್ಭಾಗ ಮಂಕಾಗಿರುತ್ತವೆ. ಕೆನ್ನೆಯಿಂದ ಅಂಚಿನವರೆಗೆ ಒಂದೇ ಸಮನೆ ಬೆಳ್ಳಗಿದ್ದರೆ ಅನುಮಾನಪಡು.

ಇನ್ನೊಂದು ಕಡೆ ಹೊಸಬರು ಎಡವುತ್ತಾರೆ. ಆ ಕಾಲದ ನಾಣ್ಯಗಳನ್ನು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೈಯಿಂದ ತಿರುಗಿಸುವ ಸ್ಕ್ರೂ ಪ್ರೆಸ್ಸಿನಲ್ಲಿ ಒತ್ತುತ್ತಿದ್ದರು, ಉಗಿಯಂತ್ರ ಬಂದದ್ದು 1836ರಲ್ಲಿ. ಒತ್ತು ಕಡಿಮೆ ಬಿದ್ದಲ್ಲಿ ವಿವರ ಮೂಡುತ್ತಿರಲಿಲ್ಲ. ಹದ್ದಿನ ಮೇಲಿನ ಪಟ್ಟಿಯ ಅಕ್ಷರಗಳು ಎಷ್ಟೋ ನಾಣ್ಯಗಳಲ್ಲಿ ಅರ್ಧಂಬರ್ಧ. ಅದನ್ನು ಸವೆತ ಅಂದುಕೊಳ್ಳಬೇಡ. ಚಪ್ಪಟೆ ಜಾಗದ ಮೇಲೂ ಬೆಳಕು ಓಡಿದರೆ ಅದು ಒತ್ತಿನ ದೋಷ. ಬೆಳಕು ನಿಂತು ಬೂದಿಯಂತೆ ಕಂಡರೆ ಸವೆತ.

ಹಾಗಂತ ಬೂದು ಬಣ್ಣದ್ದೆಲ್ಲ ಒಳ್ಳೆಯದಲ್ಲ. ಬೆಳ್ಳಿಗೆ ಗಾಳಿಯಲ್ಲಿನ ಗಂಧಕ ತಗಲಿ ಪದರ ಕಟ್ಟುತ್ತದೆ. ಅದು ತೆಳುವಾಗಿದ್ದರೆ ಅಂಚಿನಲ್ಲಿ ಪಾರಿವಾಳದ ಕುತ್ತಿಗೆಯ ನೀಲಿ, ನಡುವೆ ಹೊಗೆಬಣ್ಣ, ಅದರಡಿಯಿಂದ ಹೊಳಪು ಮೇಲೆ ಬರುತ್ತದೆ. ನೋಡಿದಷ್ಟೂ ನೋಡಬೇಕು ಅನಿಸುತ್ತದೆ. ಪದರ ದಪ್ಪವಾಗಿ ಕಪ್ಪಾದರೆ ಕೆಳಗಿನದೂ ಸತ್ತಂತೆ. ಗ್ರೇಡಿನ ಅಂಕಿ ಇದನ್ನೆಲ್ಲ ಹೇಳುವುದಿಲ್ಲ. ಎರಡು 55ರ ನಡುವೆ ಅಜಗಜಾಂತರ ಇರಬಹುದು.

ಆತುರ ಯಾಕೆ ಬೇಡ ಅಂದರೆ, ಈ ನಾಣ್ಯಗಳು ಅಪರೂಪವಲ್ಲ. 1804ರ ನಂತರ 1836ರ ತನಕ ಚಲಾವಣೆಗೆ ಬೆಳ್ಳಿ ಡಾಲರೇ ಬರಲಿಲ್ಲ, ಆದ್ದರಿಂದ ಬ್ಯಾಂಕುಗಳು ಅರ್ಧ ಡಾಲರ್‌ಗಳನ್ನೇ ಚೀಲಗಟ್ಟಲೆ ಇಟ್ಟುಕೊಂಡವು, ಎಷ್ಟೋ ನಾಣ್ಯ ಜನರ ಕೈಗೇ ಹೋಗಲಿಲ್ಲ. ಒಳ್ಳೆಯದು ಇನ್ನೂ ಸಿಗುತ್ತದೆ. ಮೊದಲ ಚಳಿಗಾಲ ದಾಟು, ಕೋಟು, ಹೀಟಿಂಗ್ ಬಿಲ್ಲು, ಕಾರಿನ ಇನ್ಶೂರೆನ್ಸ್ ಏನಾಗುತ್ತವೆ ನೋಡು. ಅಷ್ಟರಲ್ಲಿ ನಿನ್ನ ಊರಿನ ಹತ್ತಿರದ ನಾಣ್ಯ ಸಂಘಕ್ಕೆ ಹೋಗಿ ಕೂರು. ನಾನು ಮೊದಲ ಸಲ ಹೋದಾಗ ಎಪ್ಪತ್ತು ದಾಟಿದ ಒಬ್ಬರು ಹೆಸರೂ ಕೇಳದೆ ತಮ್ಮ ನಾಣ್ಯವನ್ನು ನನ್ನ ಅಂಗೈಗಿಟ್ಟು "ಓರೆ ಮಾಡಿ ನೋಡು" ಅಂದರು. ಈ ದೇಶದಲ್ಲಿ ನನ್ನನ್ನು ಯಾರೋ ನಂಬಿದರು ಅಂತ ಅನಿಸಿದ್ದು ಅವತ್ತೇ. ಶನಿವಾರಗಳಿಗೂ ಅಲ್ಲಿಂದಲೇ ಒಂದು ದಾರಿಯಾಯಿತು.

ಇನ್ನೂ ಹೋಗಲು ಸಂಕೋಚ ಅನಿಸಿದರೆ ಮೊದಲು ನಮ್ಮ ಮನೆಗೆ ಬಾ. ಎಡಿಸನ್‌ನಿಂದ ಟ್ರೆಂಟನ್ ತನಕ ಒಂದು ರೈಲು, ಅಲ್ಲಿ ಇಳಿದು ಫಿಲಡೆಲ್ಫಿಯಾಗೆ ಇನ್ನೊಂದು. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಡಿಪ್ ಆದ ಆ ನಾಣ್ಯವನ್ನು ಮಾರದೆ ಇಟ್ಟಿದ್ದೇನೆ. ಅದನ್ನೂ ನನ್ನ 1826ರ ಬೂದು ನಾಣ್ಯವನ್ನೂ ಒಂದೇ ದೀಪದ ಕೆಳಗೆ ಪಕ್ಕಪಕ್ಕ ಇಡುತ್ತೇನೆ, ನೀನೇ ಓರೆ ಮಾಡಿ ನೋಡು. ಊಟ ಮಾಡಿಕೊಂಡೇ ಹೋಗಬೇಕು.